ವ್ಯಾನ್ ನಿಲ್ಲುವ ಮೊದಲೇ ಪಾರ್ಸೆಲ್ ಕೈಯಲ್ಲಿರಬೇಕು

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಬಿ.ಕಾಂ. ಎರಡನೇ ವರ್ಷ ಓದುತ್ತಿದ್ದೇನೆ. ದಸರಾದಿಂದ ದೀಪಾವಳಿ ಮುಗಿಯುವ ತನಕ ಪಾರ್ಸೆಲ್ ವ್ಯಾನ್‌ನಲ್ಲಿ ಹೆಲ್ಪರ್ ಆಗಿ ಸೇರಿಕೊಂಡಿದ್ದೇನೆ. ದಿನಗೂಲಿ. ಸೇರಿ ನಾಲ್ಕು ದಿನ ಆಯಿತು. ಯಾರೂ ಏನೂ ಹೇಳಿಕೊಡುವುದಿಲ್ಲ. ಡ್ರೈವರ್ ಅಣ್ಣ ಮಾತೇ ಆಡುವುದಿಲ್ಲ, ಆಡಿದರೆ ಬೈಗುಳ. ಬಾಕ್ಸ್ ಹುಡುಕುವುದರಲ್ಲೇ ಅರ್ಧ ದಿನ ಹೋಗುತ್ತದೆ. ಸಂಜೆಗೆ ಸೊಂಟ ಹಿಡಿದುಕೊಳ್ಳುತ್ತದೆ. ಮೊನ್ನೆ ಕ್ಯಾಶ್‌ನಲ್ಲಿ 200 ರೂಪಾಯಿ ಕಡಿಮೆ ಬಂತು ಅಂತ ನನ್ನ ಕೂಲಿಯಲ್ಲಿ ಹಿಡಿದರು. ಈ ಕೆಲಸ ಕಲಿಯುವುದು ಹೇಗೆ ಸರ್? ನಾನು ಎಡವುತ್ತಿರುವುದು ಎಲ್ಲಿ?

ಉತ್ತರ: ತಮ್ಮಾ, ನನ್ನ ಮಗನ ವಯಸ್ಸು ನಿನ್ನದು. ಅದಕ್ಕೆ ನೀನು ಅಂತಲೇ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ನಾನೂ ಹೆಲ್ಪರ್ ಆಗಿಯೇ ಈ ಕೆಲಸಕ್ಕೆ ಬಂದವನು. ಆಮೇಲೆ ವ್ಯಾನ್ ಓಡಿಸಿದೆ. ಈಗ ಹಬ್‌ನಲ್ಲಿ, ಅಂದರೆ ಪಾರ್ಸೆಲ್ ಎಲ್ಲ ಬಂದು ವ್ಯಾನ್‌ಗಳಿಗೆ ಹೋಗುವ ಗೋದಾಮಿನಲ್ಲಿ, ಬೆಳಗ್ಗೆ ಲೋಡ್ ಹಂಚುವ ಕೆಲಸ. ಪ್ರತಿ ದಸರಾಕ್ಕೂ ನಿನ್ನಂಥ ಹುಡುಗರು ಹತ್ತು ಹನ್ನೆರಡು ಜನ ಬರುತ್ತಾರೆ. ಮೊದಲ ವಾರದಲ್ಲೇ ಮೂವರೋ ನಾಲ್ವರೋ ಹೇಳದೆ ಕೇಳದೆ ಬಿಟ್ಟು ಹೋಗುತ್ತಾರೆ. ಭಾರ ಹೊರಲಾಗದೆ ಅಲ್ಲ. ಕೆಲಸ ಏನು ಅಂತ ಯಾರೂ ಅವರಿಗೆ ಬಿಡಿಸಿ ಹೇಳಿರುವುದಿಲ್ಲ, ಅದಕ್ಕೆ.

ಕೆಲಸ ಇಷ್ಟೇ. ಡ್ರೈವರ್ ಬ್ರೇಕ್ ಒತ್ತುವ ಹೊತ್ತಿಗೆ ಆ ಮನೆಯ ಪಾರ್ಸೆಲ್ ನಿನ್ನ ಕೈಯಲ್ಲಿರಬೇಕು. ಹೆಲ್ಪರ್ ಅಂದರೆ ಹೊರುವವನು ಅಂತ ನೀನು ಅಂದುಕೊಂಡಿದ್ದೀಯ. ಹೊರುವುದು ಅದರಲ್ಲಿ ಸಣ್ಣ ಪಾಲು. ನಿಮ್ಮ ವ್ಯಾನ್‌ಗೆ ಇವತ್ತು 120 ಪಾರ್ಸೆಲ್ ಹಾಕಿದ್ದಾರೆ ಅಂದುಕೋ. ಒಂದೊಂದಕ್ಕೆ ಒಂದೇ ನಿಮಿಷ ಹುಡುಕಿದರೂ 120 ನಿಮಿಷ, ಎರಡು ತಾಸು. ಡ್ರೈವರ್ ರಾತ್ರಿ ಎಂಟಕ್ಕೆ ಮನೆ ಸೇರುವ ಬದಲು ಹತ್ತಕ್ಕೆ ಸೇರುತ್ತಾರೆ. ಅವರಿಗೆ ಸಿಟ್ಟು ಇರುವುದು ನಿನ್ನ ಮೇಲಲ್ಲ, ಆ ಎರಡು ತಾಸಿನ ಮೇಲೆ.

ಹಾಗಾಗಿ ನಿನ್ನ ದಿನ ಶುರುವಾಗುವುದು ಮೊದಲ ಮನೆಯಲ್ಲಲ್ಲ, ಹಬ್‌ನಲ್ಲಿ. ಬೆಳಗ್ಗೆ ಸ್ಕ್ಯಾನ್ ಆದ ಹಾಗೆ ಎತ್ತಿ ಎತ್ತಿ ವ್ಯಾನ್ ಒಳಗೆ ಒಗೆಯುತ್ತಿದ್ದೀಯ, ಅಲ್ವಾ? ಎಲ್ಲರೂ ಮಾಡುವ ತಪ್ಪೇ ಅದು. ಮೊದಲು ಡ್ರೈವರ್ ಅಣ್ಣನನ್ನು ಒಂದೇ ಮಾತು ಕೇಳು: ‘ಅಣ್ಣಾ, ಇವತ್ತು ಮೊದಲು ಯಾವ ಕಡೆ, ಕೊನೆಗೆ ಯಾವ ಕಡೆ?’ ಮಾತು ಕಡಿಮೆ ಇರುವ ಡ್ರೈವರ್ ಕೂಡ ಇದಕ್ಕೆ ಉತ್ತರ ಕೊಡುತ್ತಾರೆ. ಕೊನೆಗೆ ಇಳಿಯಬೇಕಾದದ್ದು ಮೊದಲು ಒಳಗೆ ಹೋಗಲಿ. ಮೊದಲು ಇಳಿಯಬೇಕಾದದ್ದು ಬಾಗಿಲ ಹತ್ತಿರ. ಟಾಟಾ ಏಸ್ ಅಂದರೆ ಮಹಾ ದೊಡ್ಡ ಗಾಡಿ ಅಲ್ಲ. ನಡುವೆ ಒಂದು ಕಾಲಿಡುವಷ್ಟು ಜಾಗ ಬಿಟ್ಟು ಎರಡೂ ಪಕ್ಕ ಜೋಡಿಸು. ಎಡಪಕ್ಕ ಒಂದು ಏರಿಯಾ, ಬಲಪಕ್ಕ ಇನ್ನೊಂದು. ಭಾರದ್ದು ಕೆಳಗೆ, ಹಗುರದ್ದು ಮೇಲೆ. ಟಿವಿ ಯಾವತ್ತೂ ನಿಂತೇ ಇರಬೇಕು, ಮಲಗಿಸಬಾರದು. ಮಲಗಿಸಿದರೆ ಅದರ ಮೇಲೆ ಏನಾದರೂ ಇಡಬೇಕು ಅನಿಸುತ್ತದೆ, ಇಟ್ಟೇ ಇಡುತ್ತೀಯ.

ಕಳೆದುಹೋಗುವುದು ದೊಡ್ಡ ಬಾಕ್ಸ್ ಅಲ್ಲ, ಸಣ್ಣ ಕವರ್. ಒಂದು ಮೊಬೈಲ್ ಕವರೋ ಕಿವಿಯೋಲೆಯೋ ಇರುವ ಪ್ಲಾಸ್ಟಿಕ್ ಲಕೋಟೆ ಮಿಕ್ಸಿ ಬಾಕ್ಸ್ ಹಿಂದೆ ಜಾರಿ ಬಿದ್ದರೆ ಸಂಜೆ ತನಕ ಕಾಣುವುದಿಲ್ಲ. ಅವಕ್ಕೆ ಏರಿಯಾಕ್ಕೊಂದರಂತೆ ಬೇರೆ ಚೀಲ ಮಾಡು. ಲೇಬಲ್ ಎಲ್ಲ ಒಂದೇ ಕಡೆ ಮುಖ ಮಾಡಿರಲಿ, ಅಂಗಡಿಯಲ್ಲಿ ಸೀರೆ ಜೋಡಿಸಿದ ಹಾಗೆ. ಜೇಬಿನಲ್ಲಿ ಒಂದು ದಪ್ಪ ಮಾರ್ಕರ್ ಇಟ್ಟುಕೋ. ರನ್‌ಶೀಟ್‌ನಲ್ಲಿ, ಅಂದರೆ ಆ ದಿನ ಕೊಡಬೇಕಾದ ಪಾರ್ಸೆಲ್‌ಗಳ ಪಟ್ಟಿಯಲ್ಲಿ, ಆ ಪಾರ್ಸೆಲ್ ಎಷ್ಟನೆಯದೋ ಆ ನಂಬರನ್ನು ಹೊರಗಿನ ಕವರ್ ಮೇಲೆ ಎರಡು ಕಡೆ ದೊಡ್ಡದಾಗಿ ಬರಿ. ಬಾರ್‌ಕೋಡ್ ಮೇಲೆ ಮಾತ್ರ ಗೀಚಬೇಡ. ಕಂಪನಿಯ ಬಣ್ಣದ ಬಾಕ್ಸ್ ಹಾಗೇ ಬಂದಿದ್ದರೆ ಅದರ ಮೇಲೂ ಬೇಡ, ಟೇಪ್ ಮೇಲೆ ಬರಿ. ಉಡುಗೊರೆ ಕೊಡಲು ತರಿಸಿರುತ್ತಾರೆ, ನಿನ್ನ ‘47’ ನೋಡಿ ಅವರ ಮುಖ ಚಿಕ್ಕದಾಗುತ್ತದೆ.

ಇದೆಲ್ಲ ಮಾಡಿಯೂ ಹತ್ತು ಮನೆ ಮುಗಿಯುವಷ್ಟರಲ್ಲಿ ವ್ಯಾನ್ ಕಲಸುಮೇಲೋಗರ ಆಗುತ್ತದೆ. ಅದು ಸಹಜ. ಡ್ರೈವರ್ ಫೋನಿನಲ್ಲಿ ಗಿರಾಕಿ ಹತ್ತಿರ ವಿಳಾಸ ಕೇಳುತ್ತಿರುವಾಗ ನೀನು ನಿನ್ನ ಫೋನ್ ನೋಡುತ್ತಾ ಕೂರಬೇಡ. ಹಿಂದೆ ಹೋಗಿ ಮುಂದಿನ ಐದು ಪಾರ್ಸೆಲ್ ಬಾಗಿಲಿಗೆ ಎಳೆದಿಡು. ಐದು ಸಾಕು. ಹತ್ತು ಎಳೆದಿಟ್ಟರೆ ತಿರುವಿನಲ್ಲಿ ಉರುಳುತ್ತವೆ.

ಈ ಕೆಲಸ ನಮ್ಮೂರಲ್ಲಿ ಮಾತ್ರ ಹುಟ್ಟಿದ್ದಲ್ಲ. ಅಮೆರಿಕದಲ್ಲಿ 1907ರಲ್ಲಿ ಶುರುವಾದ ಯುಪಿಎಸ್ ಅನ್ನುವ ಕಂಪನಿ ಇದೆ. ನಮಗೆ ದೀಪಾವಳಿ ಹೇಗೋ ಅವರಿಗೆ ಕ್ರಿಸ್‌ಮಸ್ ಹಾಗೆ. 2023ರಲ್ಲಿ ಆ ಒಂದು ಸೀಸನ್‌ಗೆ ಅಂತ ಒಂದು ಲಕ್ಷಕ್ಕೂ ಜಾಸ್ತಿ ಜನರನ್ನು ಕರೆದಿದ್ದರು. ಡ್ರೈವರ್ ಹೆಲ್ಪರ್ ಅನ್ನುವುದು ಅಲ್ಲಿ ಹೆಸರಿಟ್ಟ ಹುದ್ದೆ. ಅವರ ಒಂದು ಉಪಾಯ ನನಗೆ ಬಹಳ ಹಿಡಿಸಿತು. ಆದಷ್ಟು ಎಡಕ್ಕೆ ತಿರುಗದ ಹಾಗೆ ರೂಟ್ ಹಾಕುತ್ತಾರೆ. ಅಲ್ಲಿ ಗಾಡಿ ಓಡುವುದು ರಸ್ತೆಯ ಬಲಗಡೆ, ಎಡಕ್ಕೆ ತಿರುಗಬೇಕು ಅಂದರೆ ಎದುರಿನ ಗಾಡಿಗಳಿಗೆ ಕಾಯಬೇಕು. ನಮ್ಮಲ್ಲಿ ಉಲ್ಟಾ. ಸಂಜೆ ಆರಕ್ಕೆ ಪಿ.ಬಿ. ರಸ್ತೆಯಲ್ಲಿ ಬಲಕ್ಕೆ ತಿರುಗಲು ಇಂಡಿಕೇಟರ್ ಹಾಕಿ ನಿಂತರೆ ಗೊತ್ತಾಗುತ್ತದೆ, ಕಾಲ ಹೇಗೆ ಸೋರಿಹೋಗುತ್ತದೆ ಅಂತ. ಅದಕ್ಕೇ ಹಳೇ ಡ್ರೈವರ್‌ಗಳು ದೊಡ್ಡ ರಸ್ತೆಗಳಲ್ಲಿ ಎಡಗಡೆ ಮನೆಗಳನ್ನು ಹೋಗುವಾಗ, ಬಲಗಡೆಯವನ್ನು ಬರುವಾಗ ಮುಗಿಸುತ್ತಾರೆ. ನಿಮ್ಮ ಅಣ್ಣ ಎದುರಿನ ಅಂಗಡಿ ಬಿಟ್ಟು ಮುಂದೆ ಹೋದರೆ ‘ಅಣ್ಣಾ, ಬಿಟ್ಟು ಬಂದ್ವಿ’ ಅಂತ ಕೂಗಬೇಡ. ಅವರಿಗೆ ಗೊತ್ತಿದೆ. ಸಣ್ಣ ಕ್ರಾಸ್‌ಗಳಲ್ಲಿ ಈ ಲೆಕ್ಕ ಇಲ್ಲ. ಅಲ್ಲಿ ವ್ಯಾನ್ ಒಂದೇ ಕಡೆ ನಿಲ್ಲಲಿ, ನೀನು ನಡೆದು ಎರಡೂ ಕಡೆ ಕೊಡು.

ಇನ್ನು ವಿಳಾಸ. ಇದೇ ಈ ಕೆಲಸದ ಅಸಲಿ ವಿದ್ಯೆ.

ಪಿನ್‌ಕೋಡ್‌ನಿಂದ ಶುರು ಮಾಡೋಣ. ಇದು ಬಂದದ್ದು 1972ರ ಆಗಸ್ಟ್ 15ರಂದು. ಮೊದಲ ಮೂರು ಅಂಕಿ ಸೇರಿ ಪಾರ್ಸೆಲ್ ಯಾವ ವಿಂಗಡಣೆ ಜಿಲ್ಲೆಗೆ ಹೋಗಬೇಕು ಅಂತ ಹೇಳುತ್ತವೆ, ಕೊನೆಯ ಮೂರು ಯಾವ ಅಂಚೆ ಕಚೇರಿ ಅಂತ. ನಮ್ಮ ಕಡೆಯ ತಮಾಷೆ ಏನೆಂದರೆ ದಾವಣಗೆರೆ, ಚಿತ್ರದುರ್ಗ, ಶಿವಮೊಗ್ಗ ಮೂರಕ್ಕೂ 577 ಇದೆ. 577001 ದಾವಣಗೆರೆ, 577201 ಶಿವಮೊಗ್ಗ, 577501 ಚಿತ್ರದುರ್ಗ, 577601 ಹರಿಹರ. ನಿದ್ದೆಗಣ್ಣಿನಲ್ಲಿ ವಿಂಗಡಿಸುವವನಿಗೆ ಎಲ್ಲವೂ ಒಂದೇ ಥರ ಕಾಣುತ್ತವೆ. ಹಾಗಾಗಿ ಲೋಡ್ ಮಾಡುವಾಗ ಹೆಸರು ಓದಬೇಡ, ನಾಲ್ಕನೇ ಅಂಕಿ ನೋಡು. ಅದು ಸೊನ್ನೆ ಅಲ್ಲದಿದ್ದರೆ ಪಕ್ಕಕ್ಕಿಟ್ಟು ಹಬ್‌ನವರನ್ನು ಕೇಳು. ದುರ್ಗದ ಪಾರ್ಸೆಲ್ ಹಿಡಿದುಕೊಂಡು ವಿದ್ಯಾನಗರದಲ್ಲಿ ಮನೆ ಹುಡುಕಿದ ಹುಡುಗರನ್ನು ನಾನು ನೋಡಿದ್ದೇನೆ.

ಪಿನ್ ಸರಿ ಇದ್ದ ಮೇಲೆ ಊರು. ಎಂಸಿಸಿ ಬಡಾವಣೆಯಲ್ಲಿ ‘ಎ’ ಬ್ಲಾಕ್, ‘ಬಿ’ ಬ್ಲಾಕ್ ಎರಡಿವೆ. ಬರೆಯುವವರು ಸುಮ್ನೆ ‘ಎಂಸಿಸಿ, 6ನೇ ಕ್ರಾಸ್’ ಅಂತ ಬರೆದುಬಿಡುತ್ತಾರೆ. ಮೇನ್ ಬೇರೆ, ಕ್ರಾಸ್ ಬೇರೆ ಅನ್ನುವುದು ಅರ್ಧ ಜನಕ್ಕೆ ನೆನಪಿರುವುದಿಲ್ಲ. ವಿಳಾಸದಲ್ಲಿ ಮೇನ್ ಇಲ್ಲದೆ ಬರೀ ಕ್ರಾಸ್ ಇದ್ದರೆ ವ್ಯಾನ್ ಹೊರಡುವ ಮೊದಲೇ ಫೋನ್ ಮಾಡಿ ಕೇಳಿಬಿಡು. ಬಡಾವಣೆ ಒಳಗೆ ಹೋಗಿ ಕೇಳಿದರೆ ಡೀಸೆಲ್ ಖರ್ಚಾಗಿರುತ್ತದೆ. ಇನ್ನು ಜನರ ಬಾಯಲ್ಲಿರುವ ಗುರುತುಗಳು ಬೇರೆ. ರಾಮ್ ಅಂಡ್ ಕೋ ಸರ್ಕಲ್, ಗುಂಡಿ ಸರ್ಕಲ್, ಹೊಂಡದ ಸರ್ಕಲ್, ನಿಜಲಿಂಗಪ್ಪ ಬಡಾವಣೆಯ ಗಡಿಯಾರ ಕಂಬ. ಇವು ನಿನಗೆ ನಿದ್ದೆಯಲ್ಲೂ ಗೊತ್ತಿರಬೇಕು. ಫೋನಿನ ಮ್ಯಾಪ್ ಬೀದಿ ತನಕ ಕರೆದುಕೊಂಡು ಹೋಗುತ್ತದೆ. ಅಲ್ಲಿಂದ ಮುಂದೆ ಮೂಲೆಯ ಕಿರಾಣಿ ಅಂಗಡಿಯವರು, ಇಸ್ತ್ರಿ ಅಂಗಡಿಯವರು. ಇಸ್ತ್ರಿಯವರಿಗೆ ಪ್ರತಿ ಮನೆಯ ಹೆಸರೂ ಗೊತ್ತು, ಯಾರು ಊರಲ್ಲಿಲ್ಲ ಅನ್ನುವುದೂ ಗೊತ್ತು.

ಹೆಸರನ್ನು ಮಾತ್ರ ನಂಬಬೇಡ. ನಮ್ಮ ಕಡೆ ಒಂದೇ ಕ್ರಾಸ್‌ನಲ್ಲಿ ಬಸವರಾಜ ಅನ್ನುವವರು ಮೂವರು ಸಿಗುತ್ತಾರೆ. ನಾನು ಹೆಲ್ಪರ್ ಆಗಿದ್ದ ಮೊದಲ ವರ್ಷ ‘ಬಸವರಾಜಪ್ಪನವರ ಮನೆ ಇದೇನಾ?’ ಅಂತ ಕೇಳಿದೆ. ಒಬ್ಬ ಅಜ್ಜ ‘ಹೌದಪ್ಪಾ’ ಅಂದರು. ಕುಕ್ಕರ್ ಕೊಟ್ಟು ಬಂದೆ. ಸಂಜೆ ಅಸಲಿ ಬಸವರಾಜಪ್ಪ ಫೋನ್ ಮಾಡಿದರು. ವಾಪಸ್ ಹೋದರೆ ಅಜ್ಜನ ಮನೆಯಲ್ಲಿ ಅದೇ ಕುಕ್ಕರ್‌ನಲ್ಲಿ ಬೇಳೆ ಬೇಯುತ್ತಿದೆ! ಅಜ್ಜನ ತಪ್ಪೇನಿಲ್ಲ, ಅವರ ಹೆಸರೂ ಅದೇ, ಬೆಂಗಳೂರಿನ ಮಗ ಕಳಿಸಿದ್ದಾನೆ ಅಂದುಕೊಂಡಿದ್ದರು. ಅವತ್ತಿನಿಂದ ನಾನು ಹೆಸರು ಹೇಳಿ ಕೇಳುವುದನ್ನೇ ಬಿಟ್ಟೆ. ‘ನಿಮ್ಮ ಹೆಸರೇನ್ರಿ? ಮೊಬೈಲ್ ನಂಬರ್ ಕೊನೆ ನಾಲ್ಕು ಅಂಕಿ ಎಷ್ಟು?’ ಅಂತ ಕೇಳುತ್ತೇನೆ. ಉತ್ತರ ಅವರ ಬಾಯಿಂದ ಬರಲಿ, ನಿನ್ನ ಬಾಯಿಂದ ಅಲ್ಲ.

ರೈಲ್ವೆ ಹಳಿ ನಮ್ಮ ಊರನ್ನು ಎರಡು ಮಾಡಿದೆ ಅನ್ನುವುದನ್ನೂ ತಲೆಯಲ್ಲಿಟ್ಟುಕೋ. ಒಂದು ಕಡೆ ಹಳೇ ದಾವಣಗೆರೆಯ ಪೇಟೆಗಳು, ಇನ್ನೊಂದು ಕಡೆ ಬಡಾವಣೆಗಳು. ಹಳಿ ದಾಟುವ ಮೊದಲು ಈ ಕಡೆಯ ಚೀಲ ಖಾಲಿಯಾಯಿತಾ ಅಂತ ಕೈ ಹಾಕಿ ನೋಡು. ಒಂದು ಲಕೋಟೆ ಉಳಿದರೂ ಹಬ್ಬದ ಟ್ರಾಫಿಕ್‌ನಲ್ಲಿ ವಾಪಸ್ ಬರುವುದು ಅರ್ಧ ತಾಸಿನ ಮಾತು. ಮಂಡಿಪೇಟೆ, ಚಾಮರಾಜಪೇಟೆ ಕಡೆ ಲೋಡ್ ಲಾರಿಗಳು ನಿಂತಿರುವಾಗ ವ್ಯಾನ್ ನುಗ್ಗಿಸುವ ಸಾಹಸ ಬೇಡ. ದೊಡ್ಡ ರಸ್ತೆಯಲ್ಲಿ ವ್ಯಾನ್ ನಿಲ್ಲಿಸಿ, ಒಂದು ಚೀಲದಲ್ಲಿ ಹತ್ತು ಹನ್ನೆರಡು ಪಾರ್ಸೆಲ್ ಹಾಕಿಕೊಂಡು ನೀನು ನಡೆ. ಗಲ್ಲಿಗಳಲ್ಲಿ ಹೆಲ್ಪರ್ ಕಾಲು ವ್ಯಾನ್‌ಗಿಂತ ಜೋರು.

ಸೊಂಟದ ವಿಷಯ. ಮಂಡಕ್ಕಿ ಚೀಲ ನೋಡಿದ್ದೀಯಲ್ಲ, ದಾವಣಗೆರೆಯವನು ನೋಡದೆ ಇರುತ್ತೀಯಾ? ಆಳೆತ್ತರ ಇರುತ್ತದೆ, ಹುಡುಗ ಒಂದೇ ಕೈಯಲ್ಲಿ ಎತ್ತಿ ಸೈಕಲ್ ಮೇಲೆ ಒಗೆಯುತ್ತಾನೆ. ಪಾರ್ಸೆಲ್ ಕೂಡ ಹಾಗೆ. ಗಾತ್ರ ನೋಡಿ ಭಾರ ಹೇಳಲಾಗುವುದಿಲ್ಲ. ಸೊಂಟ ಮುರಿಯುವುದು ದೊಡ್ಡ ಬಾಕ್ಸ್ ಅಲ್ಲ. ದೊಡ್ಡದಕ್ಕೆ ಎಲ್ಲರೂ ತಯಾರಾಗಿ ಕೈ ಹಾಕುತ್ತಾರೆ. ಇಟ್ಟಿಗೆ ಗಾತ್ರದ ಡಂಬಲ್ ಬಾಕ್ಸ್ ಅಥವಾ ಪುಸ್ತಕದ ಬಾಕ್ಸ್ ಇರುತ್ತದಲ್ಲ, ಅದನ್ನು ಹಗುರ ಅಂತ ಬಾಗಿ ಸರಕ್ಕನೆ ಎಳೆದಾಗ ‘ಕಳಕ್’ ಅನ್ನುತ್ತದೆ. ಹಾಗಾಗಿ ಮೊದಲು ಕಾಲಿನಿಂದ ಸ್ವಲ್ಪ ತಳ್ಳಿ ನೋಡು. ಜರುಗದಿದ್ದರೆ ಮಂಡಿ ಮಡಚಿ ಕೂತು, ಬಾಕ್ಸನ್ನು ಹೊಟ್ಟೆಗೆ ಅಪ್ಪಿಕೊಂಡು, ಕಾಲಿನ ಬಲದಿಂದ ಏಳು. ಎತ್ತಿ ಹಿಡಿದಾಗ ಸೊಂಟ ಮಾತ್ರ ತಿರುಗಿಸಬೇಡ, ಪಾದ ಎತ್ತಿಟ್ಟು ಪೂರ್ತಿ ಮೈ ತಿರುಗಿಸು. ಅಮೆರಿಕದ ನಿಯೋಶ್ ಅನ್ನುವ ಸರ್ಕಾರಿ ಸಂಸ್ಥೆಯ ಲೆಕ್ಕದಲ್ಲಿ ಎಲ್ಲ ಅನುಕೂಲ ಇದ್ದಾಗಲೂ ಒಬ್ಬ ಎತ್ತುವ ಭಾರ 23 ಕೆಜಿ ದಾಟಬಾರದು. ಅಂದರೆ 25 ಕೆಜಿ ಅಕ್ಕಿ ಚೀಲಕ್ಕಿಂತ ಕಡಿಮೆ. ಮಂಡಿಪೇಟೆಯ ಹಮಾಲರು ಇದನ್ನು ಕೇಳಿದರೆ ನಗುತ್ತಾರೆ. ಆದರೆ ಆ ಹಮಾಲರನ್ನೇ ಸರಿಯಾಗಿ ಗಮನಿಸು. ಅವರು ಚೀಲವನ್ನು ನೆಲದಿಂದ ಒಬ್ಬರೇ ಎತ್ತುವುದಿಲ್ಲ. ಇನ್ನಿಬ್ಬರು ಎತ್ತಿ ಬೆನ್ನಿಗೆ ಕೊಡುತ್ತಾರೆ. ವಾಷಿಂಗ್ ಮಷೀನ್ ಬಂದಾಗ ನೀನೂ ನಾಚಿಕೆ ಇಲ್ಲದೆ ಡ್ರೈವರ್ ಅಣ್ಣನನ್ನು ಕರಿ. ಅವರು ಗೊಣಗುತ್ತಾರೆ, ಬರುತ್ತಾರೆ.

ಚಪ್ಪಲಿ ಹಾಕಿಕೊಂಡು ಹೋಗುತ್ತಿದ್ದರೆ ಇವತ್ತೇ ಬಿಡು, ಶೂ ಹಾಕು. ನೀರಿನ ಬಾಟಲಿ ಇರಲಿ. ಬೆಣ್ಣೆದೋಸೆ ತಿಂದು ಕೆಲಸಕ್ಕೆ ಬರಬೇಡ ಅಂತ ನಾನು ಹೇಳಿದರೆ ಊರಿನವರು ಹೊಡೆಯುತ್ತಾರೆ. ಆದರೂ ಎರಡು ಬೆಣ್ಣೆದೋಸೆ ಹೊಡೆದು ಮೂರನೇ ಮಹಡಿ ಹತ್ತಿ ನೋಡು, ನಾನು ಯಾಕೆ ಹೇಳಿದೆ ಅಂತ ತಿಳಿಯುತ್ತದೆ.

ಈಗ ನಿನ್ನ 200 ರೂಪಾಯಿ. ಹೆಚ್ಚಿನ ಕಡೆ ಕ್ಯಾಶ್ ಇರುವುದು ಡ್ರೈವರ್ ಐಡಿಯಲ್ಲಿ. ಹಬ್‌ಗೆ ಲೆಕ್ಕ ಕೊಡಬೇಕಾದವರು ಅವರು. ನೀನು ದುಡ್ಡು ಮುಟ್ಟಬೇಕಾ ಬೇಡವಾ ಅನ್ನುವುದು ಮೊದಲ ದಿನವೇ ತೀರ್ಮಾನ ಆಗಬೇಕಿತ್ತು. ಈಗಲಾದರೂ ಕೇಳು. ಮುಟ್ಟಲೇಬೇಕು ಅಂದರೆ ಪ್ರತಿ ಮನೆಯಿಂದ ಬಂದ ತಕ್ಷಣ ಅವರ ಕೈಗೆ ಕೊಟ್ಟು ‘ಅಣ್ಣಾ, 63ನೇ ನಂಬರಿಂದು, 1,249’ ಅಂತ ಬಾಯಿಬಿಟ್ಟು ಹೇಳು. ಸಂಜೆ ತನಕ ನಿನ್ನ ಜೇಬಿನಲ್ಲಿ ಇಟ್ಟುಕೊಳ್ಳಬೇಡ. ನಿನ್ನ ಸ್ವಂತ ದುಡ್ಡಿನ ಜೊತೆ ಅಂತೂ ಬೆರೆಸಲೇಬೇಡ.

ಇನ್ನೊಂದು ಗುಟ್ಟು ಹೇಳುತ್ತೇನೆ. ಹಬ್ಬದ ಟೈಮಿನಲ್ಲಿ ಬ್ಯಾಂಕಿನಿಂದ ಹೊಸ ನೋಟಿನ ಕಟ್ಟು ಬರುತ್ತವೆ. ಹೊಸ ನೂರರ ನೋಟು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಚಿಲ್ಲರೆ ಕೊಡುವಾಗ ಎರಡು ಕೊಟ್ಟೆ ಅಂದುಕೊಂಡು ಮೂರು ಕೊಟ್ಟಿರುತ್ತೀಯ. ನಿನ್ನ 200 ಹೋದದ್ದು ಬಹುಶಃ ಹೀಗೇ. ನನ್ನ ಮೊದಲ ದೀಪಾವಳಿಯಲ್ಲಿ ಒಂದೇ ವಾರಕ್ಕೆ 700 ಹೀಗೆ ಕಳೆದುಕೊಂಡೆ. ಆಗಿನ ನಮ್ಮ ಕಂಟ್ರಾಕ್ಟರ್ ಒಂದು ಮಾತೂ ಕೇಳದೆ ಕೂಲಿಯಲ್ಲಿ ಹಿಡಿದ. ಹೊಸ ನೋಟನ್ನು ಒಂದು ಸಲ ಮಡಚಿ ಬಿಚ್ಚಿ ಎಣಿಸು, ಅಂಟುವುದಿಲ್ಲ. ಗಿರಾಕಿ ಮುಂದೆಯೇ ಎಣಿಸು, ಯಾರೂ ತಪ್ಪು ತಿಳಿಯುವುದಿಲ್ಲ. ಯಾರಾದರೂ ಅಜ್ಜಿ ಡಬ್ಬದಿಂದ 2000ದ ನೋಟು ತೆಗೆದುಕೊಟ್ಟರೆ ಇಸಿದುಕೊಳ್ಳಬೇಡ. 2023ರಲ್ಲೇ ಅದನ್ನು ಚಲಾವಣೆಯಿಂದ ಹಿಂಪಡೆದಾಗಿದೆ, ಹಬ್‌ನಲ್ಲಿ ತೆಗೆದುಕೊಳ್ಳುವುದಿಲ್ಲ. ಫೋನ್‌ಪೇ, ಗೂಗಲ್‌ಪೇ ಅಂದರೆ ಕಂಪನಿಯ ಕ್ಯೂಆರ್ ಮಾತ್ರ ತೋರಿಸು. ಅವರ ಫೋನಿನ ಸ್ಕ್ರೀನ್ ನೋಡಿ ‘ಬಂತು’ ಅನ್ನಬೇಡ, ನಿಮ್ಮ ಡಿವೈಸ್‌ನಲ್ಲಿ ಬಂದಿರಬೇಕು. ಕಡಿಮೆ ಬಂತು ಅಂತ ಕೂಲಿಯಲ್ಲಿ ಹಿಡಿಯುವ ಮೊದಲು ನಿನ್ನ ಮಾತು ಕೇಳಬೇಕು ಅನ್ನುವುದು ಕಾನೂನಿನಲ್ಲೇ ಇದೆ. ಜಗಳ ಆಡು ಅನ್ನುತ್ತಿಲ್ಲ. ‘ಯಾವ ನಂಬರಿಂದು ಕಡಿಮೆ ಬಂತು ಅಂತ ತೋರಿಸಿ ಅಣ್ಣಾ’ ಅಂತ ಕೇಳು. ಅಷ್ಟು ಕೇಳುವ ಹುಡುಗನ ಕೂಲಿಗೆ ಮುಂದಿನ ಸಲ ಸುಮ್ಮನೆ ಕೈ ಹಾಕುವುದಿಲ್ಲ.

ಕ್ಯಾಶ್ ಆನ್ ಡೆಲಿವರಿಗೆ ನಮ್ಮ ಕಡೆ ಒಂದು ವಿಶೇಷ ಕಾಟ ಇದೆ, ಯಾವ ಕಂಪನಿಯ ಟ್ರೈನಿಂಗ್‌ನಲ್ಲೂ ಹೇಳುವುದಿಲ್ಲ. ಸಂಜೆ ದೀಪ ಹಚ್ಚಿದ ಮೇಲೆ ಮನೆಯಿಂದ ದುಡ್ಡು ಕೊಡಬಾರದು ಅನ್ನುವ ನಂಬಿಕೆ. ಶುಕ್ರವಾರ ಜಾಸ್ತಿ. ಲಕ್ಷ್ಮೀಪೂಜೆಯ ಅಮಾವಾಸ್ಯೆ ದಿನವಂತೂ ಕೇಳಲೇಬೇಡ. ಸಂಜೆ ಅಂಗಡಿಗೆ ಹೋಗಿ ‘ಸರ್, 2,300 ಕೊಡಿ’ ಅಂದರೆ ಪೂಜೆಗೆ ಕೂತ ಸಾಹುಕಾರರು ನಿನ್ನನ್ನು ನೋಡುವ ನೋಟವೇ ಬೇರೆ. ನಾನು ಆ ದಿನ ಮಾಡುವುದು ಇಷ್ಟು: ಕ್ಯಾಶ್ ಪಾರ್ಸೆಲ್ ಎಲ್ಲ ಬೆಳಗ್ಗೆ, ದುಡ್ಡು ಕಟ್ಟಿಯಾಗಿರುವವು ಸಂಜೆ. ಫೋನಿನಲ್ಲಿ ಕಳಿಸಿದರೆ ಲಕ್ಷ್ಮಿ ಮನೆ ಬಿಟ್ಟು ಹೋಗುವುದಿಲ್ಲವಂತೆ, ಇದು ಹೊಸ ಶಾಸ್ತ್ರ! ಒಬ್ಬ ಅಮ್ಮ ನನಗೆ ನಿಜವಾಗಿ ಹೇಳಿದ್ದು. ಕೇಳಿ ನೋಡು, ಹಲವರು ಒಪ್ಪುತ್ತಾರೆ.

ಪಾಡ್ಯದ ಸುತ್ತಮುತ್ತ ಇನ್ನೊಂದು ಕಥೆ. ಹಿರಿಯರ ಪೂಜೆಗೆ ಅಂತ ಜನ ಹಳ್ಳಿಗೆ ಹೋಗಿರುತ್ತಾರೆ. ಬಡಾವಣೆಯಲ್ಲಿ ಸಾಲು ಸಾಲು ಬೀಗ. ಹಾಗಾಗಿ ಅಮಾವಾಸ್ಯೆಗೆ ಎರಡು ದಿನ ಮೊದಲಿನಿಂದ ಹೊರಡುವ ಮುಂಚೆಯೇ ಫೋನ್ ಮಾಡು: ‘ಅಮ್ಮಾರೆ, ಪಾರ್ಸೆಲ್ ಬಂದೈತ್ರಿ, ಮನೇಲಿ ಅದೀರಾ?’ ಇಲ್ಲ ಅಂದರೆ ಪಕ್ಕದ ಮನೆಗೆ ಕೊಡಲೇ ಅಂತ ಅವರಿಂದಲೇ ಹೇಳಿಸಿಕೋ. ನೀನಾಗಿಯೇ ಪಕ್ಕದ ಮನೆಗೆ ಕೊಡಬೇಡ. ಒಂದೇ ಗೋಡೆ ಹಂಚಿಕೊಂಡು ಹತ್ತು ವರ್ಷ ಮಾತು ಬಿಟ್ಟವರಿರುತ್ತಾರೆ.

ಸಂಜೆ ಏಳಾಗಿ ಇನ್ನೂ ಮೂವತ್ತು ಉಳಿದಾಗ ಒಂದು ಆಸೆ ಬರುತ್ತದೆ. ಹೋಗದೆಯೇ ‘ಬಾಗಿಲು ಹಾಕಿತ್ತು’ ಅಂತ ಒತ್ತಿಬಿಡುವುದು. ಈ ಸುಳ್ಳು ಪೆಂಡಿಂಗ್‌ಗೆ ನಾನು ವಿರೋಧಿ. ನೀತಿ ಗೀತಿ ಪಕ್ಕಕ್ಕಿರಲಿ. ಆ ಮೂವತ್ತು ನಾಳೆಯ 120ರ ಜೊತೆ ಸೇರಿ 150 ಆಗುತ್ತವೆ. ಮನೆಯಲ್ಲೇ ಕಾದು ಕೂತವರು ಕಂಪ್ಲೇಂಟ್ ಮಾಡುತ್ತಾರೆ, ಅದು ಡ್ರೈವರ್ ಐಡಿಗೆ ಹತ್ತುತ್ತದೆ. ಆಗದಿದ್ದರೆ ಆಗಲಿಲ್ಲ ಅಂತ ಹಬ್‌ಗೆ ನಿಜ ಹೇಳಿಸು. ಬೆಳಗ್ಗೆ ಲೋಡ್ ಹಂಚುವ ನಮಗೂ ಅದೇ ಬೇಕು. ಯಾವ ರೂಟ್‌ಗೆ ಜಾಸ್ತಿ ಹಾಕಿದ್ದೇವೆ ಅಂತ ನಮಗೆ ಗೊತ್ತಾಗುವುದು ನಿಜ ಹೇಳಿದಾಗ ಮಾತ್ರ.

ಒಟಿಪಿ ಕೇಳುವುದರಲ್ಲೂ ಒಂದು ಕ್ರಮ ಇದೆ. ಜನ ಈಗ ಹೆದರಿದ್ದಾರೆ. ಒಟಿಪಿ ಅಂದರೆ ಖಾತೆ ಖಾಲಿ ಅಂತ ತಿಳಿದಿದ್ದಾರೆ, ಹೆದರುವುದು ಒಳ್ಳೆಯದೇ. ದೂರದಿಂದ ಫೋನಿನಲ್ಲಿ ‘ಒಟಿಪಿ ಹೇಳಿ’ ಅನ್ನಬೇಡ. ಎದುರು ನಿಂತು, ಪಾರ್ಸೆಲ್ ಅವರ ಕೈಗೆ ಕೊಟ್ಟು, ‘ಇದೇ ಪಾರ್ಸೆಲ್ ಹೆಸರು ಇರೋ ಮೆಸೇಜ್ ನೋಡ್ರಿ, ಅದರಲ್ಲಿರೋ ನಂಬರ್’ ಅನ್ನು. ವಯಸ್ಸಾದವರು ಒಬ್ಬರೇ ಇದ್ದು, ಯಾರು ತರಿಸಿದ್ದು ಅಂತಲೇ ಗೊತ್ತಿಲ್ಲದ ಕ್ಯಾಶ್ ಪಾರ್ಸೆಲ್‌ಗೆ ದುಡ್ಡು ತೆಗೆಯಲು ಹೋದರೆ ‘ಮೊದಲು ಮಗನಿಗೆ ಫೋನ್ ಮಾಡಿ ಅಜ್ಜಾ’ ಅಂತ ನೀನೇ ಹೇಳು. ಬೇಡದ ಪಾರ್ಸೆಲ್ ಕಳಿಸಿ ದುಡ್ಡು ಕೀಳುವವರಿದ್ದಾರೆ. ಯಾರಾದರೂ ಮೋಸ ಹೋಗಿದ್ದೇವೆ ಅಂದರೆ 1930ಕ್ಕೆ ಫೋನ್ ಮಾಡಲು ಹೇಳು, ಸೈಬರ್ ವಂಚನೆಯ ಸಹಾಯವಾಣಿ ಅದು. ಬಾಕ್ಸ್ ತೆರೆದು ತೋರಿಸಿ ಕೊಡಬೇಕಾದ ಮೊಬೈಲ್ ಇದ್ದರೆ ಟೇಪ್ ಕತ್ತರಿಸುವುದು ಅವರ ಕಣ್ಣ ಮುಂದೆ, ಅದಕ್ಕೆ ಮುಂಚೆ ಆ ಟೇಪ್‌ಗೆ ಉಗುರೂ ತಾಗಬಾರದು.

ನಾಯಿ. ಗೇಟ್ ತೆಗೆಯುವ ಮೊದಲು ಚಿಲಕ ಎರಡು ಸಲ ಬಡಿ, ಕಾದು ನೋಡು. ಓಡಬೇಡ. ಕಚ್ಚಿದರೆ, ಬರೀ ಗೀರಿದರೂ ಸರಿ, ಅಲ್ಲೇ ನಲ್ಲಿ ಕೆಳಗೆ ಸೋಪು ಹಾಕಿ 15 ನಿಮಿಷ ತೊಳೆದು ನೇರ ಜಿಲ್ಲಾಸ್ಪತ್ರೆಗೆ ಹೋಗು. ಉಳಿದ ಪಾರ್ಸೆಲ್ ಡ್ರೈವರ್ ನೋಡಿಕೊಳ್ಳುತ್ತಾರೆ. ಸಂಜೆ ನೋಡೋಣ ಅನ್ನುವ ವಿಷಯ ಇದಲ್ಲ.

ಡ್ರೈವರ್ ‘ಸ್ವಲ್ಪ ಗಾಡಿ ಮುಂದೆ ತಗೋ’ ಅಂತ ಕೀ ಕೊಟ್ಟರೆ? ನಾಲ್ಕು ಚಕ್ರದ ಲೈಸೆನ್ಸ್ ಇಲ್ಲದಿದ್ದರೆ ಮುಟ್ಟಬೇಡ. ಹತ್ತು ಅಡಿ ಆದರೂ ಬೇಡ. ಗಾಡಿ ಹಿಂದಿನ ಡಾಲಾ, ಅಂದರೆ ಇಳಿಸುವ ಹಲಗೆ, ಅದರ ಮೇಲೆ ಕಾಲು ಇಳಿಬಿಟ್ಟು ಕೂರುವುದೂ ಬೇಡ. ಮುಂದೆ ಕೂತು ಬೆಲ್ಟ್ ಹಾಕು.

ಕಾಗದ ಪತ್ರದ ಮಾತು ಕೊನೆಗೆ ಬಂತು, ಆದರೆ ನೀನು ಕಾಮರ್ಸ್ ಓದುವವನು, ನಿನಗೆ ಬೇಗ ತಿಳಿಯುತ್ತದೆ. ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರ, ಅಂದರೆ ಆ್ಯಪ್ ಮೂಲಕ ಕೆಲಸ ಮಾಡುವವರ, ಕಾನೂನು ಮಾಡಿದೆ. ಕೆಲಸಗಾರನಿಗೆ ಕೊಡುವ ಪ್ರತಿ ಪಾವತಿಯ ಮೇಲೆ ಆ್ಯಪ್ ಕಂಪನಿಗಳು ಶೇ 1ರಿಂದ 5ರ ತನಕ ಕಲ್ಯಾಣ ಶುಲ್ಕ ಕಟ್ಟಬೇಕು. ಒಳ್ಳೆಯದೇ. ಆದರೆ ಆ್ಯಪ್‌ನಲ್ಲಿ ಹೆಸರಿರುವುದು ಡ್ರೈವರ್‌ದು. ನಿನ್ನನ್ನು ಕರೆದುಕೊಂಡವನು ವ್ಯಾನ್ ಮಾಲೀಕ, ಬಾಯಿಮಾತಿನಲ್ಲಿ. ನಾಳೆ ಮೆಟ್ಟಿಲಿಂದ ಬಿದ್ದು ಕೈ ಮುರಿದರೆ ನೀನು ಅಲ್ಲಿ ಕೆಲಸ ಮಾಡುತ್ತಿದ್ದೆ ಅನ್ನುವುದಕ್ಕೇ ಸಾಕ್ಷಿ ಇರುವುದಿಲ್ಲ. ಕೆಲಸದಲ್ಲಿ ಪೆಟ್ಟಾದರೆ ಮಾಲೀಕ ಪರಿಹಾರ ಕೊಡಬೇಕು ಅನ್ನುವ ಕಾನೂನು ಈ ದೇಶದಲ್ಲಿ 1923ರಿಂದಲೂ ಇದೆ, ಸಾಕ್ಷಿ ಇಲ್ಲದವನಿಗೆ ಅದರಿಂದ ಏನೂ ಆಗುವುದಿಲ್ಲ. ಅದಕ್ಕೆ ಎರಡು ಕೆಲಸ ಮಾಡು. ಕೂಲಿಯನ್ನು ಕೈಗೆ ಇಸಿದುಕೊಳ್ಳದೆ ಫೋನ್‌ಪೇ ಹಾಕಿಸಿಕೋ. ಮತ್ತೆ ಮಾಲೀಕರಿಗೆ ವಾಟ್ಸ್‌ಆ್ಯಪ್‌ನಲ್ಲಿ ಒಂದು ಸಾಲು ಕಳಿಸು: ‘ಅಣ್ಣಾ, ಇಂಥ ತಾರೀಕಿನಿಂದ ದಿನಕ್ಕೆ ಇಷ್ಟು ಅಂತ ಬರ್ತಾ ಇದ್ದೀನಿ, ಊಟ ನಿಮ್ಮದೇ ಅಂದಿದ್ರಿ.’ ಅವರು ‘ಸರಿ’ ಅಂತ ಒಂದು ಹೆಬ್ಬೆರಳು ಒತ್ತಿದರೂ ಸಾಕು. ಜೊತೆಗೆ ಇ-ಶ್ರಮ್ ಕಾರ್ಡ್ ಮಾಡಿಸಿಕೋ. 16ರಿಂದ 59 ವಯಸ್ಸಿನ ಅಸಂಘಟಿತ ಕೆಲಸಗಾರರಿಗೆ 2021ರಿಂದ ಇದೆ, ದುಡ್ಡೇನೂ ಇಲ್ಲ.

ಇನ್ನು ನಿನ್ನ ಡ್ರೈವರ್ ಅಣ್ಣ. ಅವರಿಗೆ ಪ್ರತಿ ವರ್ಷ ಒಬ್ಬ ಹೊಸ ಹುಡುಗ ಸಿಗುತ್ತಾನೆ, ಕಲಿತ ಹೊತ್ತಿಗೆ ಹಬ್ಬ ಮುಗಿದು ಹೊರಟು ಹೋಗುತ್ತಾನೆ. ಅದಕ್ಕೇ ಮಾತು ಖರ್ಚು ಮಾಡುವುದಿಲ್ಲ. ನಾಳೆ ಬೆಳಗ್ಗೆ ಅವರು ಬರುವ ಹೊತ್ತಿಗೆ ಮೊದಲ ಇಪ್ಪತ್ತು ಪಾರ್ಸೆಲ್‌ಗೆ ನಂಬರ್ ಬರೆದು ಬಾಗಿಲ ಹತ್ತಿರ ಜೋಡಿಸಿಡು. ಏನೂ ಹೇಳಬೇಡ. ಮೂರನೇ ಮನೆ ಹೊತ್ತಿಗೆ ಅವರಿಗೆ ಗೊತ್ತಾಗುತ್ತದೆ. ಹೊಗಳುತ್ತಾರೆ ಅಂದುಕೊಳ್ಳಬೇಡ. ಹನ್ನೊಂದು ಗಂಟೆಗೆ ವ್ಯಾನ್ ನಿಲ್ಲಿಸಿ ‘ಚಾ ಕುಡೀತೀಯೇನ್ಲೇ?’ ಅಂದರೆ ಅದೇ.

ಒಂದು ಬಿಟ್ಟುಹೋಯಿತು, ರಿಟರ್ನ್. ಹಬ್ಬ ಮುಗಿದ ಮೂರನೇ ದಿನದಿಂದ ಗಾಡಿ ಉಲ್ಟಾ ಓಡುತ್ತದೆ. ಸೈಜ್ ಆಗದ ಚೂಡಿದಾರ್, ಬಣ್ಣ ಹಿಡಿಸದ ಶೂ, ಎಲ್ಲ ವಾಪಸ್. ಇಸಿದುಕೊಳ್ಳುವಾಗ ಕವರ್ ಬಿಚ್ಚಿ ನೋಡು. ಟ್ಯಾಗ್ ಇದೆಯಾ, ಆ್ಯಪ್‌ನಲ್ಲಿರುವ ಫೋಟೋಕ್ಕೂ ಕೈಯಲ್ಲಿರುವ ವಸ್ತುವಿಗೂ ಹೊಂದುತ್ತದಾ, ಹೊಸ ಶೂ ಬಾಕ್ಸ್‌ನಲ್ಲಿ ಹಳೇ ಶೂ ಇಟ್ಟಿದ್ದಾರಾ. ನೋಡದೆ ತಂದರೆ ಹಬ್‌ನಲ್ಲಿ ನಾವು ನೋಡುತ್ತೇವೆ, ಆಗ ಅದು ಮತ್ತೆ ನಿಮ್ಮ ವ್ಯಾನ್ ಲೆಕ್ಕಕ್ಕೇ ಬರುತ್ತದೆ. ಆ ರಿಟರ್ನ್ ದಿನಗಳಿಗೂ ಕೂಲಿ ಉಂಟಾ ಅಂತ ಮಾಲೀಕರನ್ನು ಈಗಲೇ ಕೇಳಿಟ್ಟುಕೋ. ಹಬ್ಬ ಮುಗಿದ ಮೇಲೆ ಕೇಳಿದರೆ ‘ಸೀಸನ್ ಮುಗೀತಲ್ಲಪ್ಪಾ’ ಅನ್ನುತ್ತಾರೆ.